ಹಾದಿಬದಿಯ ಅರವತ್ತು ಮರಗಳು

ಮೇಲಿನಕೊಪ್ಪ, ಹೊನ್ನಾವರ ತಾಲೂಕು
೨೨ ಜೂನ್ ೨೦೨೫

ಪ್ರಿಯ ಅರ್ಚಿತಾ,

ಮೂರು ಗಂಟೆ ಹತ್ತು ನಿಮಿಷ. ಹುಳಿಸಿಪ್ಪೆ ಒಣಗಿಸುವ ಒಲೆಮನೆಯ ತಗಡಿನ ಮೇಲೆ ಉಪ್ಪಾಗೆ ಹಣ್ಣೊಂದು ಬಿದ್ದ ಸದ್ದಿಗೆ ಎಚ್ಚರವಾಯಿತು. ಬಿದ್ದದ್ದು ಒಂದೇ ಹಣ್ಣು. ಆದರೆ ಅದು ತಗಡಿನ ಏರಿಳಿತದ ಮೇಲೆಲ್ಲ ಗಡಗಡ ಉರುಳಿ, ಅಂಚಿನಲ್ಲಿ ಸ್ವಲ್ಪ ನಿಂತು, ಆಮೇಲೆ ಅಂಗಳದ ಕೆಸರಿಗೆ ಇಳಿಯಿತು. ಅಷ್ಟರಲ್ಲಿ ಮಗಳು ಎದ್ದಾಗಿತ್ತು. ಅವಳನ್ನು ಮಲಗಿಸಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಈಗ ಅವಳು ನನ್ನ ಎಡ ತೊಡೆಯ ಮೇಲಿದ್ದಾಳೆ, ಬಲ ತೊಡೆಯ ಮೇಲೆ ನಿಮ್ಮ ಸಂಘದ ಕೈಪಿಡಿ ಇದೆ, ಕೈಪಿಡಿಯ ಮೇಲೆ ಈ ಹಾಳೆ.

ಪತ್ರ ಯಾಕೆ ಎಂದು ಕೇಳುತ್ತೀ. ಸಿಗ್ನಲ್ ಬೇಕಾದರೆ ನಮ್ಮಲ್ಲಿ ನೀರಿನ ಟ್ಯಾಂಕಿನ ದಿಬ್ಬ ಹತ್ತಬೇಕು. ಹೋದ ವಾರ ಹತ್ತಿದ್ದೆ. ಮಗುವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಕೊಡೆಯ ಹಿಡಿಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು, ನಿನಗೆ ಹದಿನಾಲ್ಕು ಸಾಲು ಬರೆದು ಕಳಿಸಿದೆ. ನೀನು ಹೆಬ್ಬೆರಳಿನ ಚಿತ್ರ ಕಳಿಸಿದೆ. ನಾನು ಕೇಳಿದ್ದು ಪ್ರಶ್ನೆ, ಅರ್ಚಿತಾ. ನಮ್ಮತ್ತೆ ಹೆಬ್ಬೆಟ್ಟು ಒತ್ತುವವರು, ಅವರು ಕೂಡ ಎಂತಕ್ಕೆ ಎಂದು ಕೇಳಿಯೇ ಒತ್ತುತ್ತಾರೆ.

ಹಾಗಾಗಿ ಮತ್ತೊಮ್ಮೆ, ಅಂಚೆಯಲ್ಲಿ, ಸಾವಧಾನವಾಗಿ ಕೇಳುತ್ತಿದ್ದೇನೆ.

ನಿಮ್ಮ ಕೈಪಿಡಿ ಓದಿದೆ. ಅಖಿಲ ಭಾರತ ಸುಸ್ಥಿರ ಅರಣ್ಯ ಸಂಘ, ದೆಹಲಿ. ಮುಖಪುಟದಲ್ಲಿ ಹಿಮ ಹೊತ್ತ ದೇವದಾರು ಮರ. ಮರದ ಸುತ್ತಳತೆಯನ್ನು ಎದೆಯ ಎತ್ತರದಲ್ಲಿ ತೆಗೆಯಬೇಕು ಎಂದು ಆರನೇ ಪುಟದಲ್ಲಿದೆ. ಯಾರ ಎದೆ ಎಂದು ಅತ್ತೆ ಕೇಳಿದರು. ಅವರು ನನ್ನ ಭುಜಕ್ಕೆ ಬರುತ್ತಾರೆ. ಹದಿನೈದನೇ ಪುಟದಲ್ಲಿ 'ಅರಣ್ಯವನ್ನು ಅವಲಂಬಿಸಿದ ಎಲ್ಲರ ಸಹಿ' ಎಂದಿದೆ. ಅದಕ್ಕೂ ಅವರು ಒಂದು ಮಾತು ಹೇಳಿದರು. ಸಿಂಗಳೀಕದ ಸಹಿ ನೀನೇ ಹಾಕಿಸ್ಕಂಡು ಬಾ, ನನ್ನ ಹತ್ರ ಆಗೂದಿಲ್ಲ ಅಂತ.

ನಗಬೇಡ. ನನ್ನ ಪ್ರಶ್ನೆ ಆ ಸಿಂಗಳೀಕದ್ದೇ.

ನಮ್ಮೂರಿನ ಕಾಡಿನಲ್ಲಿ ಇನ್ನೂರ ನಲವತ್ತು ಉಪ್ಪಾಗೆ ಮರ. ಕಾಲು ಭಾಗ, ಅಂದರೆ ಅರವತ್ತು ಮರಗಳನ್ನು ಕಾಡುಪ್ರಾಣಿಗಳಿಗೆ ಬಿಡಬೇಕು, ಅವುಗಳಿಗೆ ತಗಡಿನ ಬಿಲ್ಲೆ ಹೊಡೆಯಬೇಕು, ಬಿಲ್ಲೆಯ ಮರದ ಒಂದು ಹಣ್ಣನ್ನೂ ಮುಟ್ಟಬಾರದು. ಇದಾದರೆ ನಿಮ್ಮ ಸಂಘ ಪ್ರಮಾಣಪತ್ರ ಕೊಡುತ್ತದೆ. ಪ್ರಮಾಣಪತ್ರವಿದ್ದರೆ ಹಣ್ಣು ಕೊಯ್ಯುವ ಹಕ್ಕು ಹತ್ತು ವರ್ಷ ಊರ ಸಮಿತಿಯ ಹತ್ತಿರವೇ ಉಳಿಯುತ್ತದೆ. ಇಲ್ಲದಿದ್ದರೆ ಮೊದಲಿನಂತೆ ಹೊರಗಿನ ಗುತ್ತಿಗೆದಾರನಿಗೆ ಹೋಗುತ್ತದೆ. ಅವನ ಆಳುಗಳು ಹಣ್ಣು ಕೊಯ್ಯುವುದಿಲ್ಲ, ಕೊಂಬೆ ಕಡಿದು ಕೆಳಗೆ ಹಾಕಿ ಹಣ್ಣು ಆರಿಸುತ್ತಾರೆ. ಅದನ್ನು ನೋಡಿಯೇ ನಾನು ಸಮಿತಿಯ ಕಾರ್ಯದರ್ಶಿಯಾಗಲು ಒಪ್ಪಿದ್ದು. ಇಷ್ಟೂ ಸರಿ.

ಆದರೆ ನಾವು ಫೆಬ್ರವರಿಯಲ್ಲಿ ಬಿಲ್ಲೆ ಹೊಡೆದದ್ದು ಎಲ್ಲಿ? ನನಗೆ ಎಂಟು ತಿಂಗಳಾಗಿತ್ತು. ಒಳಗಾಡಿಗೆ ಹತ್ತಲು ಆಗುತ್ತಿರಲಿಲ್ಲ. ನಿನಗೆ ಐದು ಗಂಟೆಯೊಳಗೆ ಕುಮಟೆಯ ಆಫೀಸಿಗೆ ಹೋಗಿ ಫೋಟೋ ಏರಿಸಬೇಕಿತ್ತು. ಘಟ್ಟದ ರಸ್ತೆಯ ಎರಡೂ ಬದಿಯ ಅರವತ್ತು ಮರಗಳಿಗೆ ಒಂದೇ ಮಧ್ಯಾಹ್ನದಲ್ಲಿ ಹೊಡೆದು ಮುಗಿಸಿದೆವು. ವರದಿಯಲ್ಲಿ 'ಮೂರು ದಿನ ಒಳಗಾಡಿನಲ್ಲಿ ನಡೆದು ಗುರುತಿಸಲಾಗಿದೆ' ಎಂದು ನೀನು ಬರೆದೆ. ನಾನು ಸಹಿ ಹಾಕಲು ತಡೆದಾಗ ನೀನು ನನ್ನ ಬೆನ್ನ ಮೇಲೆ ಕೈಯಿಟ್ಟು, "ಆನಿದ್ದಿ, ಹೆದ್ರಡ" ಅಂದೆ, ನಾನಿದ್ದೇನೆ, ಹೆದರಬೇಡ ಅಂತ. ನೀನು ನಿಮ್ಮ ಮನೆಮಾತು ಆಡುವುದು ನಿನಗೇ ಹೆದರಿಕೆಯಾದಾಗ ಮಾತ್ರ. ಕಾಲೇಜಿನಲ್ಲಿ ಒಂದೇ ಸೂಕ್ಷ್ಮದರ್ಶಕಕ್ಕೆ ಮೂರು ವರ್ಷ ಕಣ್ಣಿಟ್ಟವರು ನಾವಿಬ್ಬರು, ಅಷ್ಟು ನನಗೆ ಗೊತ್ತು.

ಸಿಂಗಳೀಕಗಳು ರಸ್ತೆಯ ಕಡೆ ಬರುವುದಿಲ್ಲ. ಇದು ಇಲ್ಲಿ ಅಂಗನವಾಡಿಯ ಮಕ್ಕಳಿಗೂ ಗೊತ್ತು. ಅವುಗಳ ಮರ ಒಳಗಾಡಿನವು. ಜುಲೈ ಒಂದಕ್ಕೆ ಕೊಯ್ಲು ಶುರು. ಅಷ್ಟರೊಳಗೆ ಪಟ್ಟಿ ಬದಲಿಸಿ ಕೊಡು. ಒಳಗಿನ ಅರವತ್ತು ಮರಗಳ ಹೆಸರು ಅತ್ತೆಯ ಬಾಯಲ್ಲೇ ಇವೆ, ಅವರು ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. ನಾನು ಬರೆದು ಕಳಿಸುತ್ತೇನೆ.

ಮಗಳಿಗೆ ನೀನು ಹೇಳಿದ ಹೆಸರನ್ನೇ ಬರೆಸಿದೆವು, ಶ್ರೇಯಾ. ಅತ್ತೆ ಮಾತ್ರ ಸಣ್ಣಿ ಎಂದೇ ಕರೆಯುತ್ತಾರೆ. ಸಣ್ಣಿ ಈಗ ಮಲಗಿದಳು. ಇನ್ನೊಂದು ಹಣ್ಣು ಬೀಳುವವರೆಗೆ.

ನಿನ್ನ
ವೀಣಾ

*

ಕುಮಟಾ
೨೮ ಜೂನ್ ೨೦೨೫

ಪ್ರೀತಿಯ ವೀಣಾ,

ಪತ್ರ ಬಂತು. ನಿನ್ನ ಅಕ್ಷರ ನೋಡಿ ಎಷ್ಟು ದಿನವಾಗಿತ್ತು! ಹೆಬ್ಬೆರಳಿಗೆ ಕ್ಷಮೆ ಇರಲಿ, ಆ ದಿನ ಭಟ್ಕಳದಲ್ಲಿ ಕಾರ್ಯಾಗಾರ ಇತ್ತು.

ಪಟ್ಟಿ ಈಗಾಗಲೇ ದೆಹಲಿಗೆ ಹೋಗಿದೆ. ಬದಲಾವಣೆ ಮಾಡುವುದಿದ್ದರೆ ಮುಂದಿನ ವರ್ಷದ ಪರಿಷ್ಕರಣೆಯಲ್ಲಿ ಮಾತ್ರ. ಈಗ ಬದಲಿಸಿದರೆ ಮೊದಲ ವರದಿ ಯಾಕೆ ತಪ್ಪಾಯಿತು ಎಂದು ಕೇಳುತ್ತಾರೆ. ನನ್ನ ಕೆಲಸ ಕಾಯಂ ಆಗುವ ಕಡತವೂ ಆಗಸ್ಟಿನಲ್ಲೇ ಅವರ ಮುಂದೆ ಬರುವುದು. ಒಂದು ವರ್ಷದ ಮಾತು ಕಣೇ. ಅರವತ್ತು ಮರ ಬಿಟ್ಟರಾಯಿತು, ಯಾವ ಅರವತ್ತು ಎಂದು ಮಂಗ ಎಣಿಸುವುದಿಲ್ಲ.

ಸಣ್ಣಿಯ ಫೋಟೋ ಕಳಿಸು. ಹಗಲಿನಲ್ಲಾದರೂ ಸ್ವಲ್ಪ ಮಲಗು.

ನಿನ್ನ
ಅರ್ಚಿತಾ

*

ಉಪಕೇಂದ್ರದ ಬೆಂಚಿನಿಂದ
೯ ಜುಲೈ ೨೦೨೫

ಪ್ರಿಯ ಅರ್ಚಿತಾ,

ಸಣ್ಣಿಗೆ ಮೂರೂವರೆ ತಿಂಗಳ ಲಸಿಕೆ. ನರ್ಸ್ ಉಮಕ್ಕ ಇನ್ನೂ ಬಂದಿಲ್ಲ, ಹೊಳೆಯ ನೀರು ಇಳಿದ ಮೇಲೆ ಬರುತ್ತಾರಂತೆ. ನನ್ನ ಮುಂದೆ ಹನ್ನೊಂದು ತಾಯಂದಿರು, ಹನ್ನೊಂದು ಅಳುವ ಮಕ್ಕಳು. ಬರೆಯಲು ಇದಕ್ಕಿಂತ ಪ್ರಶಸ್ತವಾದ ಜಾಗ ಮನೆಯಲ್ಲಿ ನನಗಿಲ್ಲ.

ನೀನು ಹೇಳಿದಂತೆಯೇ ಮಾಡಿದೆ. ಜೂನ್ ಮೂವತ್ತಕ್ಕೆ ಸಭೆ ಕರೆದೆ. ನಲವತ್ತೊಂದು ಮನೆಯವರ ಎದುರು ನಿಂತು, ಬಿಲ್ಲೆ ಇರುವ ಮರ ಮುಟ್ಟಬೇಡಿ, ಬಿಲ್ಲೆ ಇಲ್ಲದ ಮರದ್ದು ಹಣ್ಣಾದದ್ದನ್ನೆಲ್ಲ ಕೊಯ್ಯಿರಿ ಎಂದು ಕೈಪಿಡಿಯಿಂದ ಓದಿ ಹೇಳಿದೆ. ಎಲ್ಲರೂ ಹೂಂ ಅಂದರು. ಅತ್ತೆ ಮಾತ್ರ ಕುಳಿತಲ್ಲಿಂದಲೇ ಕೇಳಿದರು.

"ಹಾದಿಬದಿ ಹಣ್ಣು ಯಾರಿಗೆ ಬಿಡೂದು?"

"ಸಿಂಗಳೀಕಕ್ಕೆ, ಅತ್ತೆ."

"ಅದಕ್ಕೆ ಹೇಳಿದವ್ರು ಯಾರು? ಮಣ್ಣಿಗೇ ಇಳೂದಿಲ್ಲ ಅದು. ಡಾಂಬರಿಗೆ ಎಂತಕ್ಕೆ ಬತ್ತದೆ?"

ಸಭೆ ನಕ್ಕಿತು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ, ಪಟ್ಟಿಯ ಕೆಳಗೆ ನನ್ನದೇ ಸಹಿ ಇತ್ತಲ್ಲ.

ನಿನಗೆ ಅತ್ತೆಯ ಕ್ರಮ ಗೊತ್ತಿಲ್ಲ, ನಿಮ್ಮ ಕೈಪಿಡಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ. ಐವತ್ತು ವರ್ಷದಿಂದ ಅವರು ನೆಲದಲ್ಲಿ ನಿಂತೇ ದೋಟಿಯಿಂದ ಕೊಯ್ಯುವುದು. ದೋಟಿ ತಾಗದ ತುದಿಯ ಹಣ್ಣು ಯಾವ ಮರದ್ದನ್ನೂ ಮುಟ್ಟುವುದಿಲ್ಲ. ಸಿಂಗಳೀಕದ ಹಿಂಡು ಒಂದು ಮರಕ್ಕೆ ಬಂದು ಕೂತದ್ದನ್ನು ಕಂಡರೆ ಆ ವರ್ಷ ಆ ಮರದ ಹತ್ತಿರ ಯಾರೂ ಹೋಗುವಂತಿಲ್ಲ, ಬುಟ್ಟಿ ಅರ್ಧ ತುಂಬಿದ್ದರೂ ಸೈ. ಇದನ್ನು ಯಾರೂ ಬರೆದಿಟ್ಟಿಲ್ಲ. ಕೊಪ್ಪದ ಹೆಂಗಸರೆಲ್ಲ ಹಾಗೇ ನಡೆಸಿಕೊಂಡು ಬಂದಿದ್ದಾರೆ, ಅಷ್ಟೆ.

ಈಗ ಕೈಪಿಡಿ ಬಂತು. ಬಿಲ್ಲೆ ಇಲ್ಲದ ಮರದ್ದು ಎಲ್ಲವನ್ನೂ ತೆಗೆಯಬಹುದು ಎಂದು ಕಾರ್ಯದರ್ಶಿಯೇ ಓದಿ ಹೇಳಿದ್ದಾಳೆ. ಮೀನುಗಾರಿಕೆ ಬಂದ್ ಇರುವುದರಿಂದ ಭಟ್ಕಳದ ಬೋಟಿಗೆ ಹೋಗುವ ಗಂಡಸರೂ ಊರಲ್ಲಿದ್ದಾರೆ, ನನ್ನ ಗಂಡ ಮಂಜುನೂ ಸೇರಿ. ಕೈಕಾಲು ಸುಮ್ಮನಿರುವುದಿಲ್ಲ ಅವರಿಗೆ. ಮರ ಹತ್ತಿದರು. ಒಂಬತ್ತು ದಿನದಲ್ಲಿ ಒಳಗಾಡಿನ ನೂರು ಮರಗಳ ತುದಿ ಬೋಳಾಗಿದೆ. ರಸ್ತೆಯ ಬದಿಯಲ್ಲಿ ಅರವತ್ತು ಮರಗಳ ಹಣ್ಣು ಉದುರಿ ಟಯರಿಗೆ ಸಿಕ್ಕಿ ಅಪ್ಪಚ್ಚಿಯಾಗುತ್ತಿದೆ. ನಿನ್ನೆ ಅಪ್ಸರಕೊಂಡದಿಂದ ವಾಪಸು ಹೋಗುವ ಪ್ರವಾಸಿಗಳು ಕಾರು ನಿಲ್ಲಿಸಿ, ಎಷ್ಟು ಚಂದದ ಹಳದಿ ಅಂತ ಫೋಟೋ ತೆಗೆದರು. ಸುಸ್ಥಿರ!

ಮಂಜು ಮೊನ್ನೆ ಮೂರು ಚೀಲ ಹೊತ್ತು ತಂದು ಅತ್ತೆಯ ಎದುರು ಇಳಿಸಿದ. ಶಭಾಷ್ ಅನ್ನುತ್ತಾರೆಂದು ನಿಂತ. ಅತ್ತೆ ಒಂದು ಹಣ್ಣು ಎತ್ತಿ ಮೂಸಿ, "ತುದಿದು" ಎಂದು ಕೆಳಗಿಟ್ಟು ಒಳಗೆ ಹೋದರು. ಆ ರಾತ್ರಿ ಅವರು ಊಟ ಮಾಡಲಿಲ್ಲ, ಅವನು ಕೇಳಲೂ ಇಲ್ಲ. ನಡುವೆ ನಾನು, ಬೆನ್ನ ಮೇಲೆ ಸಣ್ಣಿ.

ಒಂದು ಸಾಲು ಸಾಕು. 'ಪಟ್ಟಿ ತಪ್ಪಾಗಿದೆ, ಸದ್ಯ ಹಳೆಯ ಕ್ರಮದಲ್ಲೇ ಕೊಯ್ಯಿರಿ' ಎಂದು ಸಂಘದ ಕಾಗದದಲ್ಲಿ ಬರೆದು ಕೊಡು. ನನ್ನ ಮಾತಿನಿಂದ ಶುರುವಾದದ್ದು ನನ್ನ ಮಾತಿನಿಂದ ನಿಲ್ಲುತ್ತಿಲ್ಲ. ಸಂಘದವರು ಹೇಳಿದ ಮೇಲೆ ನೀನು ಯಾರು ಅನ್ನುತ್ತಾರೆ.

ಉಮಕ್ಕ ಬಂದರು.

ವೀಣಾ

*

ಮೇಲಿನಕೊಪ್ಪ
೧೯ ಜುಲೈ ೨೦೨೫

ಅರ್ಚಿತಾ,

ನಿನ್ನ ಸಾಲು ಬರಲಿಲ್ಲ. ಇನ್ನು ಅದು ಬೇಡ, ಆಗಬೇಕಾದದ್ದು ಆಗಿಹೋಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಆಮೇಲೆ ನೀನು ಯಾವ ಕಾಲಂನಲ್ಲಿ ಬೇಕಾದರೂ ಹಾಕಿಕೋ.

ಹದಿನಾರನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಸಿಂಗಳೀಕದ ಹಿಂಡು ರಸ್ತೆಗೆ ಬಂತು. ನಾನು ಈ ಊರಿಗೆ ಸೊಸೆಯಾಗಿ ಬಂದು ನಾಲ್ಕು ವರ್ಷ, ಅತ್ತೆ ಬಂದು ಐವತ್ತು. ಇಬ್ಬರೂ ಕಂಡಿರಲಿಲ್ಲ. ಒಳಗೆ ಹಣ್ಣಾದದ್ದು ಏನೂ ಉಳಿದಿರಲಿಲ್ಲವಲ್ಲ, ನೀನು ಹೇಳಿದಂತೆ ಅವು ಮರ ಎಣಿಸಲಿಲ್ಲ, ಹಣ್ಣು ಎಲ್ಲಿದೆಯೋ ಅಲ್ಲಿಗೆ ಬಂದವು. ರಸ್ತೆ ಅಗಲ ಮಾಡಿದಾಗ ಮೇಲಿನ ಕೊಂಬೆಗಳನ್ನು ಕಡಿದಿದ್ದಾರೆ. ಒಂದು ಬದಿಯಿಂದ ಇನ್ನೊಂದು ಬದಿಗೆ ಹಾರಲು ದಾರಿಯಿಲ್ಲ. ಇಳಿದು ದಾಟಿದವು. ದೊಡ್ಡವು ದಾಟಿದವು. ಮರಿಯೊಂದು ನಡುವೆ ಬಿದ್ದ ಹಣ್ಣಿಗೆ ನಿಂತಿತು. ಟೆಂಪೊ ಬಂತು.

ಡ್ರೈವರನ ತಪ್ಪೇನೂ ಇಲ್ಲ, ತಿರುವು ಅದು. ಅವನು ಇಳಿದು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ.

ತಾಯಿ ಅದನ್ನು ಎತ್ತಿಕೊಂಡು ಮರ ಹತ್ತಿತು. ಎರಡು ದಿನ ಹೊತ್ತುಕೊಂಡೇ ತಿರುಗಿತು. ನಾವೆಲ್ಲ ನೋಡಿದೆವು. ಹೆಚ್ಚು ಬರೆಯುವುದಿಲ್ಲ. ಈ ನಾಲ್ಕು ತಿಂಗಳಲ್ಲಿ ನನಗೆ ಮಗುವನ್ನು ಹೊತ್ತಿದ್ದೇನೋ ಇಲ್ಲವೋ ಎಂದು ಕೈಗೇ ಗೊತ್ತಾಗದ ಹೊತ್ತುಗಳು ಬಂದಿವೆ. ಆ ಎರಡು ದಿನ ಹಾಗೆ ಒಮ್ಮೆಯೂ ಆಗಲಿಲ್ಲ.

ಹದಿನೆಂಟಕ್ಕೆ ಬೆಳಿಗ್ಗೆ ಅತ್ತೆ ದೋಟಿ ತೆಗೆದರು. ಯಾರನ್ನೂ ಕರೆಯಲಿಲ್ಲ. ಅವರ ಹಿಂದೆ ಪಕ್ಕದ ಮನೆಯ ಬೊಮ್ಮಯ್ಯ ಮಾವನ ಹೆಂಡತಿ ಹೋದಳು, ಅವಳ ಹಿಂದೆ ಕೊಪ್ಪದ ಹೆಂಗಸರೆಲ್ಲ ಹೋದರು. ಮಂಜು ಮತ್ತು ಬೋಟಿನ ಗಂಡಸರು ಮರ ಹತ್ತಿದರು. ಸಂಜೆಯೊಳಗೆ ರಸ್ತೆಯ ಎರಡೂ ಬದಿಯ ಅರವತ್ತು ಮರಗಳನ್ನು ಪೂರ್ತಿ ಬರಿದು ಮಾಡಿದರು. ಕೆಳಗೆ ಬಿದ್ದದ್ದನ್ನೂ ಬಿಡದೆ ಗುಡಿಸಿದರು. ಆ ಹಣ್ಣನ್ನು ಯಾರೂ ಮನೆಗೆ ಒಯ್ಯಲಿಲ್ಲ. ಬುಟ್ಟಿಗಟ್ಟಲೆ ಹೊತ್ತು ಒಳಗಾಡಿಗೆ ಹೋಗಿ, ಬಂಡೆಗಳ ಮೇಲೆ, ಕವಲುಗಳ ಸಂದಿಯಲ್ಲಿ ಇಟ್ಟು ಬಂದರು. ಒಳಗೆ ಇನ್ನೂ ಕಾಯಿಯೆಂದು ಕೊಯ್ಯದೆ ಉಳಿದಿದ್ದ ಎಂಬತ್ತು ಮರಗಳಿಗೆ ಇನ್ನು ಯಾರೂ ಹೋಗಬಾರದು ಎಂದಾಯಿತು.

ನಾನು ಎಲ್ಲಿದ್ದೆ ಎಂದು ಕೇಳು. ಕಾರ್ಯದರ್ಶಿ ನಾನು. ಬಿಲ್ಲೆಯ ಪಟ್ಟಿ ನನ್ನ ಕಡತದಲ್ಲಿತ್ತು. ಅತ್ತೆ ಮೊದಲ ಮರದ ಕೆಳಗೆ ನಿಂತು ನನ್ನ ಮುಖ ನೋಡಿದರು. ನಾನು ಸಣ್ಣಿಯನ್ನು ಎಡಕ್ಕೆ ಮಾಡಿಕೊಂಡು ಬುಟ್ಟಿ ಹಿಡಿದೆ.

ನಿನ್ನೆಯಿಂದ ಹಿಂಡು ರಸ್ತೆಗೆ ಬಂದಿಲ್ಲ.

ವೀಣಾ

*

ಅಖಿಲ ಭಾರತ ಸುಸ್ಥಿರ ಅರಣ್ಯ ಸಂಘ
ಕ್ಷೇತ್ರ ಕಚೇರಿ, ಕುಮಟಾ
೩೧ ಜುಲೈ ೨೦೨೫

ಕಾರ್ಯದರ್ಶಿಯವರಿಗೆ,
ಗ್ರಾಮ ಅರಣ್ಯ ಸಮಿತಿ, ಮೇಲಿನಕೊಪ್ಪ.

ಮಾನ್ಯರೇ,

ತಮ್ಮ ವ್ಯಾಪ್ತಿಯಲ್ಲಿ ಕಾಯ್ದಿರಿಸಲಾದ ಅರವತ್ತು ಉಪ್ಪಾಗೆ ಮರಗಳಿಂದ ಫಲ ಸಂಗ್ರಹಿಸಿರುವುದು ಪ್ರವಾಸಿಗರು ಹಂಚಿಕೊಂಡ ಛಾಯಾಚಿತ್ರಗಳಿಂದ ತಿಳಿದುಬಂದಿರುತ್ತದೆ. ದೆಹಲಿಯಿಂದ ಆಗಮಿಸುವ ತಪಾಸಕರು ೮ ಆಗಸ್ಟ್ ಬೆಳಿಗ್ಗೆ ೮ ಗಂಟೆಗೆ ಸ್ಥಳ ಪರಿಶೀಲನೆ ನಡೆಸಲಿದ್ದಾರೆ. ನಿಯಮ ಉಲ್ಲಂಘಿಸಿದವರ ಹೆಸರನ್ನು ಲಗತ್ತಿಸಿದ ನಮೂನೆಯ ಕಾಲಂ ೧೧ರಲ್ಲಿ ನಮೂದಿಸಿ ಅಂದು ಸಲ್ಲಿಸತಕ್ಕದ್ದು. ಸದರಿ ವ್ಯಕ್ತಿಯನ್ನು ಸಂಗ್ರಹಕಾರರ ಪಟ್ಟಿಯಿಂದ ಕಾಯಂ ಆಗಿ ಕೈಬಿಡಲಾಗುವುದು. ಹೆಸರು ನಮೂದಿಸದಿದ್ದಲ್ಲಿ ಇಡೀ ಗ್ರಾಮದ ಪ್ರಮಾಣಪತ್ರ ರದ್ದಾಗುವುದು.

ತಮ್ಮ ವಿಶ್ವಾಸಿ,
ಅರ್ಚಿತಾ ಹೆಗಡೆ
ಕ್ಷೇತ್ರ ಸಂಯೋಜಕಿ

(ಕೆಳಗೆ, ಪೆನ್ನಿನಲ್ಲಿ:) ಸಣ್ಣಿಗೆ ಲಸಿಕೆಯಿಂದ ಜ್ವರ ಬರಲಿಲ್ಲ ತಾನೇ?

*

ಮೇಲಿನಕೊಪ್ಪ
೫ ಆಗಸ್ಟ್ ೨೦೨೫

ಕ್ಷೇತ್ರ ಸಂಯೋಜಕಿ ಅರ್ಚಿತಾ ಹೆಗಡೆಯವರಿಗೆ,

ಜ್ವರ ಬಂದಿತ್ತು. ಎರಡು ದಿನ. ಇಳಿಯಿತು.

ನಿನ್ನೆ ನಾನು ಕುಮಟೆಗೆ ಬಂದಿದ್ದೆ. ಟ್ಯಾಂಕಿನ ದಿಬ್ಬದಿಂದ ಏಳು ಸಲ ಫೋನ್ ಮಾಡಿ ಆಗಿತ್ತು. ಎರಡು ಬಸ್ಸು ಬದಲಿಸಿ, ಮಗುವನ್ನು ಹೊತ್ತು, ನಿಮ್ಮ ಮಹಡಿ ಮೆಟ್ಟಿಲು ಹತ್ತಿದೆ. ಮುಂದಿನ ಮೇಜಿನ ಕಲ್ಪನಾ ಮೇಡಂ ಬಹಳ ಒಳ್ಳೆಯವರು, ಕುರ್ಚಿ ಕೊಟ್ಟರು, ನೀರು ಕೊಟ್ಟರು. ನೀನು ಭಟ್ಕಳಕ್ಕೆ ಮೀಟಿಂಗಿಗೆ ಹೋಗಿದ್ದೀ, ಸಂಜೆಯಾಗುತ್ತದೆ ಅಂದರು. ನಾನು ಒಂದೂವರೆ ತಾಸು ಕೂತೆ. ಬಾಗಿಲ ಮೂಲೆಯಲ್ಲಿ ನಿನ್ನ ಕೊಡೆ ಇತ್ತು. ಹಿಡಿಗೆ ನೀಲಿ ನೂಲು ಸುತ್ತಿದ ಕೊಡೆ, ಕಾಲೇಜಿನ ಕೊನೆಯ ವರ್ಷ ಹಿಡಿ ಬಿರುಕು ಬಿಟ್ಟಾಗ ನಾನೇ ಸುತ್ತಿ ಕೊಟ್ಟದ್ದು. ಅದರಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಈ ಮಳೆಯಲ್ಲಿ ಕೊಡೆ ಬಿಟ್ಟು ಭಟ್ಕಳಕ್ಕೆ ಹೋದವಳಿಗೆ ಶೀತವಾಗದಿರಲಿ ಎಂದುಕೊಂಡು ಎದ್ದು ಬಂದೆ. ಒಳಗಿನ ಕೋಣೆಗೂ ಕೇಳಿಸಲಿ ಎಂದೇ ಸಣ್ಣಿಯನ್ನು ಸ್ವಲ್ಪ ಅಳಲು ಬಿಟ್ಟಿದ್ದೆ. ಕೇಳಿಸಿರಬೇಕು.

ಈಗ ಕಾಲಂ ೧೧.

ನಮೂನೆ ಬಂದ ದಿನವೇ ಅತ್ತೆಗೆ ಓದಿ ಹೇಳಬೇಕಾಯಿತು, ಮುಚ್ಚಿಡುವ ಮನೆಯಲ್ಲ ನಮ್ಮದು. ಅವರು ಹುಣಸೆಹಣ್ಣು ಬಿಡಿಸುತ್ತ ಕೇಳಿದರು. ಕೇಳಿ ಮುಗಿದ ಮೇಲೆ, "ನನ್ನ ಹೆಸ್ರು ಬರಿ ತಂಗೀ. ಬಂಗಾರಿ ಗೌಡ. ಊರಿಗೆ ಕಾಗ್ದ ಉಳೀತದೆ, ಆತಲ್ಲ," ಅಂದರು. ಉಪ್ಪು ಎಷ್ಟು ಹಾಕಲಿ ಎಂದು ಕೇಳಿದರೆ ಹೇಳುವಂಥ ದನಿ.

"ಆಮೇಲೆ ನಿಮ್ಮನ್ನು ಕಾಡಿಗೆ ಬಿಡುವುದಿಲ್ಲ ಅತ್ತೆ. ಯಾವತ್ತಿಗೂ," ಅಂದೆ.

ಅವರು ಕೈ ನಿಲ್ಲಿಸಲಿಲ್ಲ. "ಕಾಡಿಗೆ ಹೋಗೂಕೆ ಬಿಲ್ಲೆ ಬೇಕಾ?" ಎಂದು ಕೇಳಿದರು. ಬೇಕು ಅಂದೆ. ಮರುದಿನ ಬೆಳಿಗ್ಗೆ ನೋಡುತ್ತೇನೆ, ದೋಟಿಯನ್ನು ಬಿಚ್ಚಿ, ಕುಡುಗೋಲು ಬೇರೆ, ಗಳ ಬೇರೆ ಮಾಡಿ, ಗಳವನ್ನು ಬಳ್ಳಿ ಹಬ್ಬಿಸಲು ಸೌತೆ ಚಪ್ಪರಕ್ಕೆ ಕೊಟ್ಟುಬಿಟ್ಟಿದ್ದಾರೆ.

ಮಂಜು ಒಂದನೇ ತಾರೀಖಿಗೆ ಬೋಟಿಗೆ ಹೋದ. ನಾನು ದಿಬ್ಬದಲ್ಲಿದ್ದಾಗ ಭಟ್ಕಳ ಬಂದರಿನಿಂದ ಫೋನ್ ಮಾಡಿ, ಸಮಿತಿ ಬಿಟ್ಟು ಸುಮ್ಮನೆ ಮನೆಯಲ್ಲಿರು ಎಂದ. ಬಿಟ್ಟರೆ ಕಾಲಂ ಯಾರು ತುಂಬುತ್ತಾರೆ ಎಂದು ಕೇಳಿದೆ. ಗಾಳಿಯಲ್ಲಿ ಕೇಳಿಸಲಿಲ್ಲ ಎಂದ.

ನಿನ್ನ ಪತ್ರದ ಕನ್ನಡ ಚೆನ್ನಾಗಿದೆ. 'ಸದರಿ ವ್ಯಕ್ತಿ' ಎಂಬುದನ್ನು ನಾನು ನಾಲ್ಕು ಸಲ ಓದಿದೆ. ಸದರಿ ವ್ಯಕ್ತಿ ಫೆಬ್ರವರಿಯಲ್ಲಿ ನಿನಗೆ ಗಂಜಿ ಬಡಿಸಿದ್ದರು. ಉಪ್ಪಾಗೆ ಬೀಜದ ತುಪ್ಪದ ಉಂಡೆ ಕೊಟ್ಟು ಒಡೆದ ಹಿಮ್ಮಡಿಗೆ ಹಚ್ಚಿಕೋ ಎಂದಿದ್ದರು. ಹಚ್ಚಿಕೊಂಡೆಯಾ?

ವೀಣಾ ಮಂಜುನಾಥ ಗೌಡ
ಕಾರ್ಯದರ್ಶಿ

*

ಮೇಲಿನಕೊಪ್ಪ
೭ ಆಗಸ್ಟ್ ೨೦೨೫, ಸಂಜೆ ಐದು

ಅರ್ಚಿತಾ,

ಇದನ್ನು ಬೊಮ್ಮಯ್ಯ ಮಾವ ಆರೂ ಕಾಲರ ಬಸ್ಸಿಗೆ ತರುತ್ತಾರೆ. ನಾಳಿನ ಸಂತೆಗೆಂದು ಇವತ್ತೇ ಬಸಳೆ ಕಟ್ಟು ಒಯ್ಯುತ್ತಿದ್ದಾರೆ. ಮೊದಲು ನಿನ್ನ ಬಾಡಿಗೆ ಮನೆಗೆ ಬಂದು, ಕೈಯಲ್ಲಿ ಕೊಟ್ಟು, ನೀನು ಓದುವುದನ್ನು ನೋಡಿ, ಆಮೇಲೇ ಹೋಗಬೇಕು ಎಂದು ಹೇಳಿದ್ದೇನೆ. ಕೊಡೆ ನೋಡಿ ವಾಪಸು ಬರುವವರಲ್ಲ ಅವರು, ಮೆಟ್ಟಿಲ ಮೇಲೇ ಕೂರುತ್ತಾರೆ. ಅವರನ್ನು ಕೂರಿಸಬೇಡ, ಮಂಡಿನೋವು ಅವರಿಗೆ.

ಸಿಟ್ಟೆಲ್ಲ ಮೊನ್ನೆಯ ಪತ್ರದಲ್ಲಿ ಹಾಕಿ ಮುಗಿಸಿದ್ದೇನೆ. ಈಗ ಬರೆಯುವುದನ್ನು ಸಿಟ್ಟಿನ ಮಾತು ಎಂದು ಓದಬೇಡ.

ನಾಳೆ ಎಂಟಕ್ಕೆ ನಿಮ್ಮ ತಪಾಸಕರು ಬರುತ್ತಾರೆ. ಅಪ್ಸರಕೊಂಡದ ರೆಸಾರ್ಟಿನಲ್ಲಿ ಇಳಿದಿದ್ದಾರಂತೆ, ಹಾಲಿನ ಡೈರಿಯ ಜಯಂತಕ್ಕನಿಗೆ ಯಾರೋ ಹೇಳಿದರು. ಬಂದವರು ರಸ್ತೆಯ ಬದಿಯಲ್ಲಿ ಬಿಲ್ಲೆಯ ಮರಗಳನ್ನು ನೋಡುತ್ತಾರೆ, ಹಣ್ಣಿಲ್ಲ ಎಂದು ಬರೆದುಕೊಳ್ಳುತ್ತಾರೆ, ಕಾಲಂ ೧೧ ಕೇಳುತ್ತಾರೆ. ಅಲ್ಲಿಗೆ ಅವರ ಕೆಲಸ ಮುಗಿಯುತ್ತದೆ, ಹತ್ತು ನಿಮಿಷದ ಕೆಲಸ. ಅತ್ತೆಯ ಹೆಸರು ಇದ್ದರೆ ಊರು ಉಳಿಯುತ್ತದೆ, ಕಾಡು ಊರಿನ ಕೈಯಲ್ಲೇ ಉಳಿಯುತ್ತದೆ, ಕಾಡನ್ನು ಬಲ್ಲವರು ಮಾತ್ರ ಹೊರಗೆ. ಮುಂದಿನ ವರ್ಷವೂ ಅದೇ ಬಿಲ್ಲೆ, ಅದೇ ರಸ್ತೆ, ಅದೇ ತಿರುವು.

ಅದಕ್ಕೇ ಅವರನ್ನು ಒಳಗಾಡಿಗೆ ಕರೆದುಕೊಂಡು ಹೋಗುತ್ತೇನೆ. ಉಂಬಳ ರಕ್ತ ಹೀರುತ್ತವೆ, ಹೀರಲಿ. ಸಣ್ಣಿಯನ್ನು ಬೆನ್ನಿಗೆ ಕಟ್ಟಿಕೊಂಡು ನಾನೇ ಮುಂದೆ ನಡೆಯುತ್ತೇನೆ. ಅತ್ತೆ ದಾರಿ ಹೇಳಿಕೊಟ್ಟಿದ್ದಾರೆ, ಎರಡು ತಾಸಿನ ದಾರಿ. ಉಳಿದ ಎಂಬತ್ತು ಮರಗಳನ್ನು ತೋರಿಸುತ್ತೇನೆ. ನಿನ್ನೆ ಹಿಂಡು ಅಲ್ಲಿಯೇ ಇತ್ತು, ಹದಿನೆಂಟು ಎಣಿಸಿದೆವು. ಇವು ಬಿಲ್ಲೆ ಹೊಡೆಯಬೇಕಿದ್ದ ಮರಗಳು, ಹೊಡೆದದ್ದು ರಸ್ತೆಯಲ್ಲಿ, ಒಂದೇ ಮಧ್ಯಾಹ್ನದಲ್ಲಿ, ಯಾಕೆಂದರೆ ನನಗೆ ಎಂಟು ತಿಂಗಳಾಗಿತ್ತು ಎಂದು ಹೇಳುತ್ತೇನೆ. ಮೂರು ದಿನ ನಡೆದದ್ದು ಸುಳ್ಳು ಎಂದೂ ಹೇಳುತ್ತೇನೆ.

ನಮೂನೆ ತುಂಬಿದ್ದೇನೆ. ಕಾಲಂ ೧೧ರಲ್ಲಿ ನನ್ನ ಹೆಸರು ಬರೆದಿದ್ದೇನೆ. ಕಾರ್ಯದರ್ಶಿ ಎಂದು ಅಲ್ಲ, ಮರ ತಪ್ಪಾಗಿ ಗುರುತಿಸಿದವಳು ಎಂದು. ನೋಡಿದೆ, ಅದರ ಕೆಳಗೆ ಇನ್ನೊಂದು ಹೆಸರು ಹಿಡಿಯುವಷ್ಟು ಜಾಗ ಉಳಿದಿದೆ.

ಅಲ್ಲಿ ನಾನು ಏನನ್ನೂ ಬರೆದಿಲ್ಲ, ಅರ್ಚಿತಾ. ಪೆನ್ನು ಎತ್ತಿದ್ದೆ. ಆದರೆ ನಿನ್ನ ಕಡತ, ನಿನ್ನ ಕಾಯಂ ಕೆಲಸ, ನಿನ್ನ ಅಪ್ಪನ ಔಷಧಿ, ಎಲ್ಲ ನೆನಪಾದವು. ನೆನಪಾಗುವುದು ಬೇಡ ಎಂದರೂ ಆದವು. ನಿದ್ದೆಗೆಟ್ಟವಳಿಗೆ ನೆನಪಿನದೇ ಕಾಟ. ಖಾಲಿ ಬಿಟ್ಟರೆ, ವರದಿಯಲ್ಲಿ ಮೂರು ದಿನ ಎಂದು ಬರೆದವರು ಯಾರೆಂದು ಅವರೇ ಕೇಳುತ್ತಾರೆ. ಆಗ ನಾನು ಹೇಳಲೇಬೇಕು. ನಾನು ಹೇಳಿದರೆ ಅದು ಚಾಡಿಯಾಗುತ್ತದೆ. ನೀನೇ ಬಂದು ಹೇಳಿದರೆ ಇಬ್ಬರು ಗೆಳತಿಯರು ಮಾಡಿದ ಒಂದು ತಪ್ಪು, ಈ ವರ್ಷವೇ ತಿದ್ದಿದ ತಪ್ಪು. ಕೆಲಸ ಉಳಿಯುತ್ತದೆಂದು ನಾನು ಮಾತು ಕೊಡಲಾರೆ. ನೀನು ನನಗೆ ಕೊಟ್ಟಂಥ ಮಾತನ್ನು ನಾನು ಕೊಡುವುದಿಲ್ಲ.

ನೀನು ಅಂದು ಬೆನ್ನ ಮೇಲೆ ಕೈಯಿಟ್ಟೆಯಲ್ಲ, ಆಗ ನಿನಗೇ ಹೆದರಿಕೆಯಾಗಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೇ ಸಹಿ ಹಾಕಿದೆ.

ಡೈರಿಯಲ್ಲಿ ಹಳೆಯ ತಂತಿಯ ಫೋನಿದೆ, ಬರುವ ಕರೆ ಮಾತ್ರ ಸಿಗುತ್ತದೆ, ಈ ಮಳೆಯಲ್ಲೂ ಸತ್ತಿಲ್ಲ. ಜಯಂತಕ್ಕ ಬೀಗದ ಕೈ ಕೊಟ್ಟಿದ್ದಾಳೆ. ನಂಬರು ಲಕೋಟೆಯ ಹಿಂದೆ ದೊಡ್ಡದಾಗಿ ಬರೆದಿದ್ದೇನೆ. ಊಟ ಮುಗಿಸಿ ಸಣ್ಣಿಯನ್ನು ಎತ್ತಿಕೊಂಡು ಅಲ್ಲಿಗೆ ಹೋಗಿ ಹಾಲಿನ ಕ್ಯಾನುಗಳ ನಡುವೆ ಕೂರುತ್ತೇನೆ. ಅತ್ತೆಯೂ ಬರುತ್ತಾರಂತೆ, ಯಾಕೆಂದು ಕೇಳಿದರೆ ಸೆಕೆ ಎನ್ನುತ್ತಾರೆ, ಆಗಸ್ಟ್ ತಿಂಗಳಲ್ಲಿ. ಹೇಗೂ ನಾವು ಮೂವರೂ ನಿದ್ದೆ ಮಾಡುವವರಲ್ಲ. ಹನ್ನೊಂದಕ್ಕೆ ಮಾಡು, ಎರಡಕ್ಕೆ ಮಾಡು, ನಾಲ್ಕಕ್ಕೆ ಮಾಡು, ಸಣ್ಣಿ ಏಳುತ್ತಾಳೆಂದು ನೋಡಬೇಡ. ಬೆಳಗಿನ ಮೊದಲ ಬಸ್ಸಿಗೆ ಬತ್ತೆ ಎಂದು ಒಂದು ಮಾತು ಹೇಳು, ನಿನ್ನ ಮನೆಮಾತಿನಲ್ಲೇ ಹೇಳು, ನಂಬುತ್ತೇನೆ. ಬರುವುದಿಲ್ಲ ಎನ್ನುವುದಾದರೂ ಅದನ್ನೇ ಹೇಳು. ಹೆಬ್ಬೆರಳು ಬೇಡ, ಕಾಗದ ಬೇಡ. ಫೋನ್ ಮಾಡು ಅರ್ಚಿತಾ, ಬೆಳಗಾಗುವುದರೊಳಗೆ ಮಾಡು, ಆ ಜಾಗ ಇನ್ನೂ ಖಾಲಿ ಇರುವಾಗಲೇ ಮಾಡು.

ವೀಣಾ